ಬಾಗಿಲು ತಾನಾಗೇ ತೆರೆಯಲಿಲ್ಲ

ಟೈಟಲ್ ನೈನ್ ಕಾನೂನು ಬಂದಮೇಲೆ ಅಮೆರಿಕದ ಕಾಲೇಜು ಹುಡುಗಿಯರಿಗೆ ಆಟದ ಬಾಗಿಲು ತಾನಾಗೇ ತೆರೆಯಿತು ಎಂದು ಬರೆದಿದ್ದೀರಿ. ಹಾಗಲ್ಲ ಸರ್. 1972ರ ಆ ಕಾನೂನಿನಲ್ಲಿ ಆಟ ಅನ್ನೋ ಮಾತೇ ಇಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣದಲ್ಲಿ ಗಂಡು ಹೆಣ್ಣೆಂದು ಭೇದ ಮಾಡಬಾರದು, ಅಷ್ಟೇ.

ನಾಲ್ಕು ವರ್ಷ ಕಳೆದರೂ ಯೇಲ್ ವಿಶ್ವವಿದ್ಯಾಲಯದ ದೋಣಿ ತಂಡದ ಹುಡುಗಿಯರಿಗೆ ದೋಣಿಮನೆಯಲ್ಲಿ ಸ್ನಾನಕ್ಕೆ ಜಾಗವಿರಲಿಲ್ಲ. ಚಳಿಯಲ್ಲಿ ಅಭ್ಯಾಸ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ನಡುಗುತ್ತಾ ಕೂರಬೇಕಿತ್ತು, ಹುಡುಗರು ಸ್ನಾನ ಮಾಡಿ ಬರುವ ತನಕ. ಎಂಥಾ ಅನ್ಯಾಯ ಅಲ್ವಾ? 1976ರ ಮಾರ್ಚ್‌ನಲ್ಲಿ 19 ಹುಡುಗಿಯರು ಕ್ರೀಡಾ ಅಧಿಕಾರಿಯ ಕಚೇರಿಗೆ ನುಗ್ಗಿ ಬಟ್ಟೆ ಕಳಚಿ ನಿಂತರು. ಮೈಮೇಲೆ ಬರೆದುಕೊಂಡಿದ್ದು ಆ ಕಾನೂನಿನ ಹೆಸರು. ಸ್ನಾನದ ಮನೆ ಬಂದಿದ್ದು ಆಮೇಲೆ.

ಆ ತಂಡದ ಆನ್ ವಾರ್ನರ್ ಅದೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.