‘ಆಬ್ರೆ’ ಎಂದಳು ಮೊಮ್ಮಗಳು

ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಮೊನ್ನೆ ಮೂರು ವರ್ಷದ ಮೊಮ್ಮಗಳು ಅಡುಗೆಮನೆಯ ಕಪಾಟಿನ ಮುಂದೆ ನಿಂತು, ನನ್ನ ಮುಖ ನೋಡಿ ‘ಆಬ್ರೆ!’ ಎಂದಳು. ಸ್ಪ್ಯಾನಿಷ್‌ನಲ್ಲಿ ‘ತೆರೆ’ ಎಂದರ್ಥವಂತೆ. ಕಲಿಸಿದ್ದು ಯಾರು ಎಂದರೆ, ಟಿವಿಯ ಕಾರ್ಟೂನ್ ಹುಡುಗಿ ಡೋರಾ.

ಟಿವಿಯಿಂದ ಮಕ್ಕಳು ಏನನ್ನೂ ಕಲಿಯುವುದಿಲ್ಲ ಎಂದು ನಂಬಿದ್ದವಳು ನಾನು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ಹಾಗಾಗಿ ಈ ಡೋರಾ ಹೇಗೆ ಪಾಠ ಮಾಡುತ್ತಾಳೆ ನೋಡೋಣವೆಂದು ದಿನವೂ ಮೊಮ್ಮಗಳ ಪಕ್ಕದಲ್ಲಿ ಕುಳಿತೆ.

2000ನೇ ಇಸವಿಯಲ್ಲಿ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ಶುರುವಾದ ‘ಡೋರಾ ದಿ ಎಕ್ಸ್‌ಪ್ಲೋರರ್’ ಎಂಬ ಮಕ್ಕಳ ಕಾರ್ಯಕ್ರಮವಿದು. ಡೋರಾ ಏಳು ವರ್ಷದವಳು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಆಡುತ್ತಾಳೆ. ಅವಳ ಗೆಳೆಯ ಟೀಕೋ ಎಂಬ ಅಳಿಲಿನೊಂದಿಗೆ ಸ್ಪ್ಯಾನಿಷ್‌ನಲ್ಲೇ ಮಾತಾಡಬೇಕು. ಅಂದರೆ ಪದ ಅಲ್ಲಿ ಕಂಠಪಾಠದ ಪಟ್ಟಿಯಾಗಿ ಬರುವುದಿಲ್ಲ, ಡೋರಾಳ ಪ್ರಯಾಣದ ದಾರಿ ಸಾಗಲು ಬೇಕಾಗಿ ಬರುತ್ತದೆ. ಪ್ರಶ್ನೆ ಕೇಳಿದ ಮೇಲೆ ಅವಳು ಮಗುವಿನತ್ತ ನೋಡುತ್ತಾ ಸುಮ್ಮನೆ ಕಾಯುತ್ತಾಳೆ. ಆ ಮೌನ ನನಗೆ ತಾಗಿತು. ತರಗತಿಯಲ್ಲಿ ನಾನು ಎಷ್ಟೋ ಮಕ್ಕಳ ಬಾಯಿಗೆ ಅವಸರದಿಂದ ಉತ್ತರ ತುರುಕಿದ್ದೇನೆ.

ಮಕ್ಕಳ ಟಿವಿಯಲ್ಲಿ ಸ್ಪ್ಯಾನಿಷ್ ಕೇಳಿಸುವ ಈ ಕೆಲಸ ಡೋರಾಗಿಂತ ಬಹಳ ಮೊದಲೇ ಆರಂಭವಾಗಿತ್ತು. 1969ರಲ್ಲಿ ಬಂದ ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ಗೆ 1971ರಲ್ಲಿ ನಟಿ ಸೋನಿಯಾ ಮನ್ಸಾನೋ, ಸ್ಪ್ಯಾನಿಷ್ ಬಲ್ಲ ಮರಿಯಾ ಎಂಬ ಪಾತ್ರವಾಗಿ ಸೇರಿದರು. ಮೆಕ್ಸಿಕೋದಿಂದ ಬಂದ ಬೊಂಬೆ ರೊಸಿಟಾ ಕಾಣಿಸಿಕೊಂಡದ್ದು 1991ರಲ್ಲಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಗುವಿಗೆ ಅಮ್ಮನ ಮಾತು ಟಿವಿಯಲ್ಲಿ ಕೇಳಿಸಿದಾಗ ಎಷ್ಟು ಧೈರ್ಯ ಬಂದಿರಬೇಡ! ಬೇರೆ ಮಕ್ಕಳು ಕಲಿಯುವ ನಾಲ್ಕು ಪದಗಳಿಗಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಇದೇ ಡೋರಾ ಸ್ಪ್ಯಾನಿಷ್ ಆಡಿ ಇಂಗ್ಲಿಷ್ ಪದ ಕಲಿಸುತ್ತಾಳೆ ಎಂದು ತಿಳಿದು ಇನ್ನೂ ಸಂತೋಷವಾಯಿತು.

ಆದರೆ ಮಗುವನ್ನು ಟಿವಿಯ ಮುಂದೆ ಬಿಟ್ಟು ಹೋಗಿ, ಅದಕ್ಕೆ ಭಾಷೆ ಬರುತ್ತದೆ ಎಂದುಕೊಳ್ಳುವ ತಂದೆ ತಾಯಂದಿರನ್ನು ನಾನು ಒಪ್ಪಲಾರೆ. ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಒಂಬತ್ತು ತಿಂಗಳ ಶಿಶುಗಳು ಎದುರಿಗೆ ಕುಳಿತು ಮಾತಾಡಿದವರಿಂದ ಚೀನೀ ಭಾಷೆಯ ಧ್ವನಿಭೇದ ಕಲಿತವು. ಅದೇ ಮಾತನ್ನು ವಿಡಿಯೋದಲ್ಲಿ ಕೇಳಿದವು ಕಲಿಯಲಿಲ್ಲ. ನಮ್ಮವಳು ಅಷ್ಟು ಚಿಕ್ಕವಳಲ್ಲ, ನಿಜ. ಆದರೂ ಅವಳು ಟಿವಿಯಲ್ಲಿ ಕಲಿತ ಬಣ್ಣಗಳ ಹೆಸರು ವಾರದಲ್ಲೇ ಮರೆತುಹೋದವು. ‘ಆಬ್ರೆ’ ಮಾತ್ರ ಉಳಿಯಿತು.

ಉಳಿಸಿದವರು ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ. ಅವರ ಗೇಟಿನ ಮುಂದೆ ಇವಳು ಆ ಪದ ಹೇಳಿದಾಗ ಅವರು ಕೈಯಲ್ಲಿದ್ದ ನೀರಿನ ಪೈಪನ್ನು ಅಲ್ಲೇ ಬಿಟ್ಟು ಬಂದರು. ‘ಲಾ ಪ್ವೆರ್ತಾ?’ ಎಂದು ಬಾಗಿಲು ತೋರಿಸಿ ಕೇಳಿ, ಅವರೂ ಕಾದರು. ಈಗ ನನಗೆ ‘ತೆರೆ’, ಅವರಿಗೆ ‘ಆಬ್ರೆ’ ಎನ್ನುತ್ತಾಳೆ. ಒಮ್ಮೆಯೂ ಅದಲು ಬದಲಾಗಿಲ್ಲ.