ಮೈಕ್ರೋವೇವ್ ಹಾಕಿದ ನಾಮ

ಕಳೆದ ಧನುರ್ಮಾಸದ ಒಂದು ಬೆಳಿಗ್ಗೆ ಹಾಲು ಬಿಸಿ ಮಾಡಲೆಂದು ಮೈಕ್ರೋವೇವ್ ಒಲೆಯ ಮೇಲೆ ಎಂದಿನಂತೆ 1, 2, 0 ಒತ್ತಿದೆ. ಅದು 1ಕ್ಕೆ ಮಾತ್ರ ಕುಂಯ್ ಎಂದು, ಉಳಿದೆರಡು ಅಂಕಿಗಳಿಗೆ ಮೌನ ತಾಳಿತು. ನಿದ್ದೆಗಣ್ಣಿನಲ್ಲಿದ್ದ ನಾನು ಅದನ್ನು ಗಮನಿಸದೆ ಸ್ಟಾರ್ಟ್ ಒತ್ತಿದೆ. ಒಲೆ ಒಂದೇ ಒಂದು ಸೆಕೆಂಡು ಗುಡುಗಿ, ಮಹತ್ಕಾರ್ಯವೊಂದನ್ನು ಮುಗಿಸಿದವರಂತೆ ಮೂರು ಸಲ ಕೂಗಿ ಸುಮ್ಮನಾಯಿತು. ಹಾಲು ಫ್ರಿಜ್ಜಿನಲ್ಲಿದ್ದಷ್ಟೇ ತಣ್ಣಗಿತ್ತು.

ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿಗಿಂತ ಮೊದಲು ವಿಚಾರಣೆ ನಡೆಯಬೇಕೆಂಬುದು ನಮ್ಮ ಕುಲಾಚಾರ. ಮೊದಲನೆಯ ಆರೋಪಿ ಮಗ. ಅವನು ಆಟಕ್ಕೆಂದು ಚೈಲ್ಡ್ ಲಾಕ್ ಹಾಕಿರಬೇಕೆಂದು ನಾನು ಸಾರಿದೆ. "ಅಪ್ಪಾ, ಲಾಕ್ ಆಗಿದ್ದರೆ ಒಂದು ಕೀ ಕೂಡ ಕೆಲಸ ಮಾಡಬಾರದಲ್ಲವೇ? ಒಂದು ಮಾಡುತ್ತಿದೆಯಲ್ಲ" ಎಂದು ಅವನು ಪುಸ್ತಕದಿಂದ ತಲೆಯನ್ನೂ ಎತ್ತದೆ ಹೇಳಿ ಬಿಡುಗಡೆ ಪಡೆದ. ಎರಡನೆಯ ಆರೋಪಿ ಅಮ್ಮ. ದೋಸೆ ಹಿಟ್ಟಿನ ಕೈ ತಾಗದಿರಲೆಂದು ಅವರು ಸೌಟಿನ ಹಿಡಿಯಿಂದ ಅಂಕಿಗಳನ್ನು ಒತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೆ. "ಹೌದು ಕಣೋ, ಒತ್ತುತ್ತೇನೆ. ನಿನ್ನ ಹಾಗೆ ಗುದ್ದುವುದಿಲ್ಲ" ಎಂದರು ಅಮ್ಮ. ಉಳಿದವಳು ನನ್ನ ಹೆಂಡತಿ. ಒದ್ದೆ ಬಟ್ಟೆಯಲ್ಲಿ ದಿನವೂ ಒರೆಸಿ ಒರೆಸಿ ಹೀಗಾಗಿರಬಹುದೇ ಎಂದು ನಾನು ಅತ್ಯಂತ ವಿನಯದಿಂದ ಕೇಳಿದಾಗ, "ಈ ಮನೆಯಲ್ಲಿ ಒರೆಸುವವಳು ನಾನೊಬ್ಬಳೇ ಅಂತ ಈಗಲಾದರೂ ಒಪ್ಪಿಕೊಂಡಿರಲ್ಲ ರೀ" ಎಂದಳು. ವಿಚಾರಣೆ ಅಲ್ಲಿಗೆ ಮುಂದೂಡಲ್ಪಟ್ಟಿತು.

ಅನಂತರ ನಾನು ಒಂದು ಕಾಗದ ಹಿಡಿದು, ಒಂದೊಂದೇ ಕೀಲಿಯನ್ನು ಒತ್ತಿ, ಸದ್ದು ಮಾಡಿದವುಗಳಿಗೆ ಸರಿ ಗುರುತನ್ನೂ ಮಾಡದವುಗಳಿಗೆ ಸೊನ್ನೆಯನ್ನೂ ಹಾಕಿದೆ. ಸತ್ತಿದ್ದ ಅಂಕಿಗಳು 2, 5, 8 ಮತ್ತು 0. ಅಂದರೆ ಅಂಕಿಗಳ ನಡುವಿನ ಕಂಬಸಾಲು ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಹೋಗಿತ್ತು; ಎಡಬಲದ ಸಾಲುಗಳೂ, ಅವುಗಳ ಬುಡದಲ್ಲಿದ್ದ ಸ್ಟಾಪ್ ಮತ್ತು ಸ್ಟಾರ್ಟ್ ಕೀಲಿಗಳೂ ಆರೋಗ್ಯವಾಗಿದ್ದವು. ಮಗ ಕಾಗದವನ್ನು ನೋಡಿ, "ಅಪ್ಪಾ, ಮೈಕ್ರೋವೇವ್ ನಿಮಗೆ ಉದ್ದನೆಯ ನಾಮ ಹಾಕಿದೆ" ಎಂದ. ಅವನ ಕನ್ನಡದ ಬಗ್ಗೆ ಶಾಲೆಯವರು ಮಾಡುವ ದೂರುಗಳನ್ನು ನಾನು ಅಂದಿನಿಂದ ನಂಬುತ್ತಿಲ್ಲ.

ತಮಾಷೆಯೆಂದರೆ ಆ ನಾಮದಲ್ಲೇ ರೋಗದ ಮೂಲವಿತ್ತು. ಹೊರಗಿನಿಂದ ಗಟ್ಟಿ ಫಲಕದಂತೆ ಕಾಣುವ ಈ ಕೀಲಿಮಣೆ ನಿಜವಾಗಿ ಎರಡು ತೆಳು ಪ್ಲಾಸ್ಟಿಕ್ ಹಾಳೆಗಳ ಸ್ಯಾಂಡ್‌ವಿಚ್. ಎರಡರ ಮೇಲೂ ವಿದ್ಯುತ್ ಹರಿಯಬಲ್ಲ ಬೆಳ್ಳಿಯ ಅಥವಾ ಇಂಗಾಲದ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವೆ ತೂತುಗಳಿರುವ ಮೂರನೆಯ ಹಾಳೆ ಅವೆರಡನ್ನೂ ದೂರವಿಟ್ಟಿರುತ್ತದೆ. ನಾವು ಬೆರಳಿಟ್ಟು ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ, ಅಷ್ಟೇ. ಹನ್ನೆರಡು ಕೀಲಿಗಳಿಗೆ ಹನ್ನೆರಡು ಜೊತೆ ತಂತಿಗಳೇಕೆಂದು ಜಿಪುಣ ಎಂಜಿನಿಯರುಗಳು ಅಡ್ಡಸಾಲಿಗೊಂದು, ಕಂಬಸಾಲಿಗೊಂದು ಎಂದು ನಾಲ್ಕು ಮತ್ತು ಮೂರು, ಒಟ್ಟು ಏಳು ಗೆರೆಗಳಲ್ಲಿ ಸಂಸಾರ ತೂಗಿಸುತ್ತಾರೆ. ಅಡ್ಡಗೆರೆಯೂ ಉದ್ದಗೆರೆಯೂ ಸಂಧಿಸಿದಲ್ಲಿ ಒಂದು ಅಂಕಿ. ಹಾಗಾಗಿ ಒಂದು ಗೆರೆ ಮುರಿದರೆ ಒಂದು ಕೀಲಿ ಸಾಯುವುದಿಲ್ಲ. ಆ ಗೆರೆಯನ್ನು ನಂಬಿದ ಇಡೀ ವಂಶ ಸಾಯುತ್ತದೆ. ಎಲ್ಲ ಒಲೆಗಳಲ್ಲೂ ಒಳಗಿನ ಸಾಲು ಹೊರಗಿನ ಸಾಲಿನಂತೆಯೇ ಇರಬೇಕೆಂದೇನಿಲ್ಲ, ನಮ್ಮದರಲ್ಲಿ ಇತ್ತು.

ತಯಾರಕರ ಸೇವಾ ವಿಭಾಗಕ್ಕೆ ಫೋನು ಮಾಡಿದರೆ, ಗೆರೆ ಸರಿಮಾಡುವ ಪದ್ಧತಿ ತಮ್ಮಲ್ಲಿಲ್ಲವೆಂದೂ ಇಡೀ ಮುಂಭಾಗದ ಫಲಕವನ್ನೇ ಬದಲಿಸಬೇಕೆಂದೂ ತಿಳಿಸಿ, ಹೊಸ ಒಲೆಯ ಅರ್ಧ ಬೆಲೆಯನ್ನು ಹೇಳಿದರು. ಹಾಗಾಗಿ ಸುಮಾರು ಆರು ವಾರ ನಾವು 1, 3, 4, 6, 7, 9 ಎಂಬ ಆರು ಅಂಕಿಗಳಲ್ಲೇ ಬದುಕಿದೆವು. ಹಪ್ಪಳಕ್ಕೆ 50 ಸೆಕೆಂಡಿನ ಬದಲು 49 ಇಟ್ಟರಾಯಿತು. ಹಾಲಿಗೆ ಒಂದು ನಿಮಿಷ 20 ಸೆಕೆಂಡಿನ ಬದಲು 79 ಸೆಕೆಂಡು. ಆದರೆ ಅನ್ನಕ್ಕೆ ಬೇಕಾದ ಎರಡು ನಿಮಿಷವನ್ನು 2 ಮತ್ತು 0 ಇಲ್ಲದೆ ಎಲ್ಲಿಂದ ತರುವುದು? ಇದನ್ನು ಬಿಡಿಸಿದವರು ಅಮ್ಮ. ನಮ್ಮ ಒಲೆ ಸೆಕೆಂಡಿನ ಜಾಗದಲ್ಲಿ 59ಕ್ಕಿಂತ ಹೆಚ್ಚಿನ ಅಂಕಿ ಕೊಟ್ಟರೂ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು. "ಒಂದು ನಿಮಿಷ, ಅರವತ್ತೊಂದು ಸೆಕೆಂಡು ಒತ್ತು" ಎಂದರು. ಎರಡು ನಿಮಿಷ ಒಂದು ಸೆಕೆಂಡಿಗೆ ಅನ್ನ ಹದವಾಗಿ ಬಿಸಿಯಾಗಿತ್ತು. ಇದೇ ಸೂತ್ರದಿಂದ 4:61 ಎಂದರೆ ಐದು ನಿಮಿಷ, 7:61 ಎಂದರೆ ಆಲೂಗಡ್ಡೆಗೆ ಬೇಕಾದ ಎಂಟು ನಿಮಿಷ. ಮೂರು ನಿಮಿಷ ಮಾತ್ರ ಯಾವ ಗಣಿತಕ್ಕೂ ದಕ್ಕಲಿಲ್ಲ. 1:99 ಒತ್ತಿದರೆ ಎರಡು ನಿಮಿಷ 39 ಸೆಕೆಂಡು. ಅದರ ಮುಂದಿನ ಮೆಟ್ಟಿಲು ನೇರವಾಗಿ 3:11. ನಡುವಿನ ಕಾಲ ನಮ್ಮ ಅಡುಗೆಮನೆಯ ಮಟ್ಟಿಗೆ ಸೃಷ್ಟಿಯಾಗಿಯೇ ಇರಲಿಲ್ಲ. ಮೂರು ನಿಮಿಷ ಬೇಡುವ ಹುರುಳಿಕಾಳಿನ ಉಸಲಿ ಆ ಆರು ವಾರ ಒಂದೋ ತಣ್ಣಗೆ, ಇಲ್ಲವೇ ಸಿಡಿದು ಛಾವಣಿಗೆ.

ಕರೆಂಟು ಹೋಗಿ ಬಂದಾಗ ಒಲೆಯ ಗಡಿಯಾರವನ್ನು ಹೊಂದಿಸುವುದಂತೂ ಪಂಚಾಂಗದ ಕೆಲಸವಾಯಿತು. ಒತ್ತಬಲ್ಲ ಅಂಕಿಗಳಷ್ಟೇ ಇರುವ ಘಳಿಗೆ ಬರುವ ತನಕ ಬೆರಳು ಚಾಚಿ ಕಾಯಬೇಕು. 7:49ರ ಶುಭಮುಹೂರ್ತ ತಪ್ಪಿತೆಂದರೆ ಎಂಟು ಗಂಟೆಯಿಡೀ ರಾಹುಕಾಲ. ಮುಂದಿನ ಲಗ್ನ 9:11ಕ್ಕೆ. ಒಂದು ಭಾನುವಾರ ನಾನು ಹಾಗೆ ಕಾಯುತ್ತಾ ನಿಂತಿದ್ದಾಗ, 9:10ಕ್ಕೆ ಮತ್ತೆ ಕರೆಂಟು ಹೋಯಿತು.

ಆ ಭಾನುವಾರವೇ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಿದ್ದು. ಹಿಂದಿನ ಎರಡು ತಿರುಪುಗಳನ್ನು ಬಿಚ್ಚುವಷ್ಟರಲ್ಲಿ ಹೆಂಡತಿಯ ತಮ್ಮ ಬಂದ. ಅವನು ಎಲೆಕ್ಟ್ರಿಕಲ್ ಓದಿದವನು. "ಭಾವ, ಪ್ಲಗ್ ತೆಗೆದಿದ್ದೀರಿ, ಸರಿ. ಒಳಗಿನ ಕೆಪಾಸಿಟರ್‌ಗೆ ಅದು ಗೊತ್ತಿದೆಯೇ?" ಎಂದ. ಮನೆಯ 230 ವೋಲ್ಟನ್ನು ಒಳಗಿನ ಟ್ರಾನ್ಸ್‌ಫಾರ್ಮರ್ 2,000 ವೋಲ್ಟಿನ ಆಸುಪಾಸಿಗೆ ಏರಿಸುತ್ತದೆಂದೂ, ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಆ ಶಕ್ತಿಯನ್ನು ಹಳೆಯ ಹಗೆಯಂತೆ ಇಟ್ಟುಕೊಂಡಿರಬಲ್ಲುದೆಂದೂ, ಮುಟ್ಟಿದವನು ಬದುಕಿ ಅನುಭವ ಹೇಳುವುದು ಖಚಿತವಲ್ಲವೆಂದೂ ಅವನು ವಿವರಿಸಿದ. ಬಿಚ್ಚಿದ ತಿರುಪುಗಳನ್ನು ನಾನು ಬಿಚ್ಚಿದ್ದಕ್ಕಿಂತ ವೇಗವಾಗಿ ತಿರುಗಿಸಿ ಕೂರಿಸಿದೆ.

ಕೊನೆಗೆ ಬಂದವರು ನಮ್ಮ ಬೀದಿಯಲ್ಲೇ ಟಿವಿ, ಮಿಕ್ಸಿ ರಿಪೇರಿ ಮಾಡುವ ಹಿರಿಯರು. ಅವರು ಮೊದಲು ಕೆಪಾಸಿಟರನ್ನು ಬರಿದು ಮಾಡಿ, ಆಮೇಲೆ ಕೀಲಿಮಣೆಯಿಂದ ಸರ್ಕಿಟ್ ಬೋರ್ಡಿಗೆ ಹೋಗುವ ಚಪ್ಪಟೆ ಪಟ್ಟಿಯನ್ನು ಮೆಲ್ಲನೆ ಹೊರಗೆಳೆದು ದೀಪಕ್ಕೆ ಹಿಡಿದರು. ಏಳು ಗೆರೆಗಳಲ್ಲಿ ಒಂದರ ತುದಿ ಕಪ್ಪಾಗಿ ಕಿಲುಬು ಹಿಡಿದಿತ್ತು. ಎರೇಸರಿನಿಂದ ಉಜ್ಜೋಣವೇ ಎಂದು ನಾನು ಉತ್ಸಾಹ ತೋರಿದೆ. "ಇದು ತಾಮ್ರ ಅಲ್ಲ ಸಾರ್, ಬರೀ ಶಾಯಿ. ಉಜ್ಜಿದರೆ ದಾರಿಯೇ ಅಳಿಸಿಹೋಗುತ್ತೆ" ಎಂದು ಹೇಳಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಆ ತುದಿಗೆ ಮಗುವಿನ ಕಣ್ಣೊರೆಸುವಷ್ಟು ಹಗುರವಾಗಿ ಸವರಿದರು. ಆಮೇಲೆ ಹತ್ತಿಯನ್ನು ತಿರುಗಿಸಿ ನೋಡಿ ಹುಬ್ಬೇರಿಸಿದರು. ಅದು ಕೆಂಪಾಗಿತ್ತು.

"ಕುಂಕುಮ ಸಾರ್" ಎಂದರು.

ಅಡುಗೆಮನೆಯಲ್ಲಿ ಮೂವರು ಮಾಜಿ ಆರೋಪಿಗಳು ಒಟ್ಟಿಗೆ ನನ್ನ ಕಡೆಗೆ ತಿರುಗಿದರು. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಫ್ರಿಜ್ಜುಗಳೊಂದಿಗೆ ಮೈಕ್ರೋವೇವಿಗೂ ಸೇವಂತಿಗೆಯ ಹಾರ ಹಾಕಿ, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಕೀಲಿಮಣೆಯ ನೆತ್ತಿಗೆ ಧಾರಾಳವಾಗಿ ಹಚ್ಚಿ, ಮೇಲಿಂದ ಮೂರು ಉದ್ಧರಣೆ ನೀರು ಪ್ರೋಕ್ಷಿಸಿದವನು ನಾನು. ಒಲೆಯೇನು ಆಯುಧವೇ ಎಂದು ಅಂದು ಹೆಂಡತಿ ಕೇಳಿದಾಗ ದೊಡ್ಡ ಭಾಷಣವನ್ನೇ ಮಾಡಿದ್ದೆ: ಇದರ ಹೊಟ್ಟೆಯಲ್ಲಿದ್ದು ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗೆ ಜೀವ ಕೊಟ್ಟದ್ದು, ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ಅದರ ಬಳಿ ನಿಂತಾಗ ಜೇಬಿನಲ್ಲಿದ್ದ ತಿಂಡಿ ಕರಗಿದ್ದರಿಂದ ಒಲೆಯ ಯೋಚನೆ ಹುಟ್ಟಿತು, 1947ರಲ್ಲಿ ಬಂದ ಮೊದಲ ಒಲೆ ಆಳೆತ್ತರವಿದ್ದು 340 ಕಿಲೋ ತೂಗುತ್ತಿತ್ತು, ಆದ್ದರಿಂದ ಈ ಮನೆಯಲ್ಲಿ ಆಯುಧವೆಂದು ಕರೆಸಿಕೊಳ್ಳುವ ಯೋಗ್ಯತೆ ಇರುವುದು ಇದೊಂದಕ್ಕೇ. ಭಾಷಣ ಸಾಗುತ್ತಿದ್ದಾಗಲೇ ಕುಂಕುಮದ ನೀರು ಫಲಕದ ಅಂಚಿನ ಸಂದಿಯಿಂದ ಒಳಗಿಳಿದು ಪಟ್ಟಿಯ ತುದಿಯನ್ನು ತಲುಪಿರಬೇಕು. ತಿನ್ನಲು ಅದಕ್ಕೆ ಎರಡು ತಿಂಗಳು ಹಿಡಿಯಿತು.

ಪಟ್ಟಿಯನ್ನು ಒಣಗಿಸಿ ಮತ್ತೆ ಕೂರಿಸಿದಾಗ 2, 5, 8, 0 ನಾಲ್ಕೂ ಒಂದರ ಹಿಂದೊಂದು ಕುಂಯ್‌ಗುಟ್ಟಿದವು. ರಿಪೇರಿಯವರು ತೆಗೆದುಕೊಂಡದ್ದು 300 ರೂಪಾಯಿ. ಅವರು ಹೊರಟ ಮೇಲೆ ಅಮ್ಮ ಅನ್ನದ ಬಟ್ಟಲನ್ನು ಒಳಗಿಟ್ಟು, ಸೌಟಿನ ಹಿಡಿಯಿಂದ ಒಂದೊಂದಾಗಿ 1, 6, 1 ಒತ್ತಿದರು. ಈಗ 2:00 ಒತ್ತಬಹುದಲ್ಲ ಎಂದು ನಾನು ನೆನಪಿಸಿದೆ.

"ಇರಲಿ ಕಣೋ, ಮುಂದಿನ ಆಯುಧಪೂಜೆಗೆ ಅಭ್ಯಾಸ ತಪ್ಪಬಾರದು" ಎಂದರು.