ಒಂದನೇ ಗುಂಪು ಮೊದಲು ಹತ್ತುವುದಿಲ್ಲ

ಟಿಕೆಟ್ ಕೈಯಲ್ಲಿದೆ. ಅದರ ಮೇಲೆ ಸೀಟ್ ನಂಬರ್ ಇದೆ. ಆ ಸೀಟನ್ನು ಯಾರೂ ಕಿತ್ತುಕೊಂಡು ಮನೆಗೆ ಒಯ್ಯುವುದಿಲ್ಲ. ಆದರೂ ವಿಮಾನ ಹತ್ತಿಸಲು ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗಲೇ ಜನ ಎದ್ದು ಗೇಟಿಗೆ ಮುತ್ತಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇವರನ್ನು ಗೇಟಿನ ಹೇನುಗಳು ಎಂದೇ ಆಡಿಕೊಳ್ಳುತ್ತಾರೆ. ಈ ಹೇನು ಹೆಕ್ಕಲು ವಿಮಾನ ಕಂಪನಿಗಳು ಹಿಡಿದ ಬಾಚಣಿಗೆಯ ಹೆಸರು ಬೋರ್ಡಿಂಗ್ ಗ್ರೂಪ್, ಅಂದರೆ ನಂಬರ್ ಕೊಟ್ಟು ಸರದಿಯಂತೆ ವಿಮಾನ ಹತ್ತಿಸುವ ಗುಂಪು.

ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಒಂಬತ್ತು ಗುಂಪು. ಡೆಲ್ಟಾದಲ್ಲಿ 2024ರಿಂದ ಎಂಟು. ಒಂದರಿಂದ ಎಣಿಸೋಣ ಅಂದರೆ, ಒಂದನೇ ಗುಂಪು ಮೊದಲು ಹತ್ತುವುದೇ ಇಲ್ಲ. ಅದಕ್ಕೂ ಮುಂಚೆ ಕಂಪನಿಯೇ ಕರೆದು ಕಾರ್ಡು ಕೊಟ್ಟ ಮಹನೀಯರು, ನೆರವು ಬೇಕಾದವರು, ಎಳೆ ಮಕ್ಕಳ ಸಂಸಾರಗಳು. ಆಮೇಲೆ ಒಂದು, ಅಂದರೆ ಫಸ್ಟ್ ಕ್ಲಾಸ್ ಮತ್ತು ಅದರ ಬಂಧುಬಳಗ. ಅದರ ಹಿಂದೆ ಪದೇ ಪದೇ ಹಾರಿ ಕಂಪನಿಯಿಂದ ಬಿರುದು ಗಿಟ್ಟಿಸಿದ ಪ್ಲಾಟಿನಂನವರು, ಚಿನ್ನದವರು, ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡಿನವರು. ಆರರಿಂದ ಕೆಳಗೆ ಬರೀ ಮನುಷ್ಯರು. ಒಂಬತ್ತನೆಯದು ಬೇಸಿಕ್ ಎಕಾನಮಿ, ಅಂದರೆ ಎಲ್ಲಕ್ಕಿಂತ ಅಗ್ಗದ ಟಿಕೆಟಿನವರು. ಇವರನ್ನು ಕರೆಯುವ ಹೊತ್ತಿಗೆ ಮೈಕಿನವರಿಗೇ ಆಕಳಿಕೆ ಬಂದಿರುತ್ತದೆ.

ಸೋಮವಾರ ನಸುಕಿನಲ್ಲಿ ಕ್ಲೈಂಟ್ ಆಫೀಸಿಗೆ ಹಾರಿ ಗುರುವಾರ ರಾತ್ರಿ ಮನೆ ಸೇರುವ ನಮ್ಮ ಕನ್ಸಲ್ಟಿಂಗ್ ಹುಡುಗರು ಎರಡನೇ ಗುಂಪಿಗೆ ಏರಿದ ದಿನ ಊರಿಗೆ ಫೋನ್ ಮಾಡಿ ತಿಳಿಸುವುದುಂಟು. "ಪ್ರಮೋಷನ್ ಆಯ್ತೇನೋ?" ಎಂದು ಅಮ್ಮ ಕೇಳಿದರೆ, "ಅದಕ್ಕಿಂತ ದೊಡ್ಡದಮ್ಮಾ."

ಈ ಕಾದಾಟ ಸೀಟಿಗಲ್ಲ, ತಲೆ ಮೇಲಿನ ಲಗೇಜ್ ಗೂಡಿಗೆ. 2008ರಲ್ಲಿ ತೈಲದ ಬೆಲೆ ಏರಿತೆಂದು ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್‌ಇನ್ ಬ್ಯಾಗಿಗೇ 15 ಡಾಲರ್ ಕೇಳತೊಡಗಿತು. ಹೆಚ್ಚಿನ ಕಂಪನಿಗಳು ಅದೇ ದಾರಿ ಹಿಡಿದವು. ತೈಲ ಆಮೇಲೆ ಇಳಿಯಿತು, ಶುಲ್ಕ ಇಳಿಯಲಿಲ್ಲ, ಆ ಮಾತು ಬಿಡಿ. ಜನ ಜಾಣರು, ಇಡೀ ಸಂಸಾರವನ್ನೇ ಕೈಚೀಲಕ್ಕೆ ತುರುಕಿದರು. ಗೂಡುಗಳು ಸಾಲದೇ ಹೋದವು. ಆಗ ಆ ಗೂಡಿಗೆ ಮೊದಲು ಕೈ ಹಾಕುವ ಹಕ್ಕನ್ನೇ ಕಂಪನಿಗಳು ಮಾರಾಟಕ್ಕಿಟ್ಟವು. ಇದರಲ್ಲಿ ನಿಜವಾಗಿ ಗೆಲ್ಲುವವನು ಒಂಬತ್ತನೇ ಗುಂಪಿನವನು. ಅವನ ಸರದಿ ಬರುವಷ್ಟರಲ್ಲಿ ಗೂಡು ತುಂಬಿರುತ್ತದೆ, ಬಾಗಿಲಲ್ಲೇ ಅವನ ಬ್ಯಾಗ್ ಇಸಕೊಂಡು ಬಿಡಿಗಾಸು ಕೇಳದೆ ವಿಮಾನದ ಹೊಟ್ಟೆಗೆ ಹಾಕುತ್ತಾರೆ. ಉಳಿದವರು ದುಡ್ಡು ತೆತ್ತು ಮಾಡಿಸಿಕೊಳ್ಳುವ ಸೇವೆ ಅವನಿಗೆ ಪುಕ್ಕಟೆ. ಆದರೂ ಅವಮಾನವಾದವನಂತೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಾನೆ.

ಸರದಿ ತಪ್ಪಿಸಿ ನುಗ್ಗುವವರಿಗಾಗಿ 2024ರ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಯಂತ್ರಕ್ಕೆ ಬಾಯಿ ಕೊಟ್ಟಿತು. ಆರನೆಯವ ಮೂರರ ಜೊತೆ ತೂರಿಕೊಂಡರೆ ಸ್ಕ್ಯಾನರ್ ಎಲ್ಲರೆದುರು ಕುಂಯ್‌ಗುಡುತ್ತದೆ.

ಇಷ್ಟೆಲ್ಲ ಮಾಡಿ ವಿಮಾನ ಬೇಗ ತುಂಬುತ್ತದೆಯೇ? ಜೇಸನ್ ಸ್ಟೆಫನ್ ಎಂಬ ಖಭೌತ ವಿಜ್ಞಾನಿಗೆ ಈ ಪ್ರಶ್ನೆ ಕಾಡಿತು. ದೂರದ ನಕ್ಷತ್ರಗಳ ಗ್ರಹ ಹುಡುಕುವುದು ಆತನ ಕಸುಬು. ಕ್ಯೂ ನಿಂತು ನಿಂತು ಬೇಸತ್ತಿರಬೇಕು. ಲೆಕ್ಕ ಹಾಕಿದ. ಆಮೇಲೆ ಹನ್ನೆರಡು ಸಾಲಿನ ನಕಲಿ ವಿಮಾನದೊಳಕ್ಕೆ 72 ಜನರನ್ನು ಬೇರೆ ಬೇರೆ ಕ್ರಮದಲ್ಲಿ ಹತ್ತಿಸಿ ನೋಡಿದರು. ಆಗ ಕಂಪನಿಗಳಿಗೆ ಮೆಚ್ಚಾಗಿದ್ದ ಪದ್ಧತಿಯಂತೆ ಸಾಲುಗಳ ಗುಂಪು ಕಟ್ಟಿ ಹತ್ತಿಸಿದಾಗ 6 ನಿಮಿಷ 54 ಸೆಕೆಂಡ್. ಯಾವ ಗುಂಪೂ ಬೇಡ, ಹೇಗೆ ಬೇಕೋ ಹಾಗೆ ಹೋಗಿ ನಿಮ್ಮ ಸೀಟಿನಲ್ಲಿ ಕೂತುಕೊಳ್ಳಿ ಎಂದಾಗ 4 ನಿಮಿಷ 44 ಸೆಕೆಂಡ್. ಹೌದು, ಸರಿಯಾಗೇ ಓದಿದಿರಿ. ಸ್ಟೆಫನ್‌ನ ಸ್ವಂತ ಕ್ರಮದಲ್ಲಿ, ಅಂದರೆ ಕಿಟಕಿಯವರು ಮೊದಲು, ಅದೂ ಒಂದು ಸಾಲು ಬಿಟ್ಟು ಒಂದು ಸಾಲು ಎಂಬಂತೆ ಕಳಿಸಿದಾಗ, 3 ನಿಮಿಷ 36 ಸೆಕೆಂಡ್. ಆದರೆ ಆ ಕ್ರಮದಲ್ಲಿ ಮಾರಲು ಏನೂ ಇಲ್ಲವಲ್ಲ! 2023ರಲ್ಲಿ ಯುನೈಟೆಡ್ ಕಂಪನಿಯೇನೋ ಕಿಟಕಿಯವರು ಮೊದಲು ಎಂಬ ನಿಯಮ ತಂದಿತು. ಆದರೆ ಕಾಸಿನವರು, ಕಾರ್ಡಿನವರು ಎಲ್ಲ ಹತ್ತಿ ಕೂತ ಮೇಲೆ, ಉಳಿದವರಿಗೆ ಮಾತ್ರ.

ಸೀಟ್ ನಂಬರೇ ಇಲ್ಲದೆ ಐವತ್ತು ವರ್ಷ ಹಾರಿದ ಕಂಪನಿ ಸೌತ್‌ವೆಸ್ಟ್. ಮೊದಲು ಹತ್ತಿದವನಿಗೆ ಬೇಕಾದ ಜಾಗ. ಅಲ್ಲಿ ನಡೆಯುತ್ತಿದ್ದ ಪವಾಡಗಳು ಲೋಕಪ್ರಸಿದ್ಧ. ಹತ್ತುವಾಗ ವೀಲ್‌ಚೇರುಗಳ ಮೆರವಣಿಗೆ. ಇಳಿಯುವಾಗ ಅವರಲ್ಲಿ ಹಲವರು ಎದ್ದು ದಡದಡ ನಡೆದೇ ಬಿಡುತ್ತಿದ್ದರು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಮಂಡಿನೋವು ವಾಸಿ! (ಮಗಳ ಬಾಣಂತನಕ್ಕೆಂದು ಒಬ್ಬರೇ ಹೊರಟು, ಫ್ರಾಂಕ್‌ಫರ್ಟಿನಲ್ಲಿ ಗೇಟ್ ಹುಡುಕುವ ಭಯಕ್ಕೆ ವೀಲ್‌ಚೇರ್ ಹಿಡಿಯುವ ನಮ್ಮ ಅಮ್ಮಂದಿರ ಬಗ್ಗೆ ನಾನು ನಗುವುದಿಲ್ಲ.) 2026ರ ಜನವರಿಯಿಂದ ಸೌತ್‌ವೆಸ್ಟಿನಲ್ಲೂ ಸೀಟ್ ನಂಬರ್ ಬಂತು, ಗುಂಪುಗಳೂ ಬದಲಾದವು. ಪವಾಡ ಕಮ್ಮಿಯಾಗಿರಬೇಕು.

ಇನ್ನು ನಮ್ಮ ಬೆಂಗಳೂರಿಗೆ ಬನ್ನಿ. ಇಲ್ಲಿ ಗುಂಪಿಗೆ ಝೋನ್ ಎನ್ನುತ್ತಾರೆ. ಝೋನ್ ಒಂದು, ಎರಡು, ಮೂರು ಎಂದು ಶಿಸ್ತಾಗಿ ಪಾಸ್ ನೋಡಿ, ಬೀಪ್ ಮಾಡಿ, ಮೆಟ್ಟಿಲು ಇಳಿಸಿ, ಎಲ್ಲರನ್ನೂ ಒಂದೇ ಬಸ್ಸಿಗೆ ತುಂಬುತ್ತಾರೆ.

ಮೊನ್ನೆ ಕೆಂಪೇಗೌಡ ನಿಲ್ದಾಣದ ಅಂಥದೊಂದು ಬಸ್ ಗೇಟಿನಲ್ಲಿ ಮಂಡ್ಯ ಕಡೆಯ ಯಜಮಾನರೊಬ್ಬರು ಝೋನ್ ಒಂದರ ಸಾಲಿನಲ್ಲಿ ನಿಂತಿದ್ದರು. ಪಂಚೆ, ಬಿಳಿ ಅಂಗಿ, ಕಂಕುಳಲ್ಲಿ ಜವಳಿ ಅಂಗಡಿಯ ಉಬ್ಬಿದ ಬ್ಯಾಗು. ಗೇಟಿನ ಹುಡುಗಿ ಪಾಸ್ ನೋಡಿ, "ಸರ್, ನಿಮ್ದು ಝೋನ್ ತ್ರೀ" ಅಂದಳು.

"ನಮ್ ಸೊಸೆ ಒಂದರಲ್ಲವ್ಳೆ ಕಣವ್ವ. ಅವ್ಳು ಮುಂದೆ, ಮಾವ ಹಿಂದೆ. ಇದ್ಯಾವ ನ್ಯಾಯ?"

"ಸಿಸ್ಟಮ್ ತಗೊಳಲ್ಲ ಸರ್."

ಯಜಮಾನರು ಬದಿಗೆ ಸರಿದು ನಿಂತರು. ಹೆಚ್ಚು ಕಾಸು ಕೊಟ್ಟ ಝೋನ್ ಒಂದರವರು ಗಂಭೀರವಾಗಿ ಹೋಗಿ, ಬಸ್ಸಿನ ಒಳತುದಿಯಲ್ಲಿದ್ದ ನಾಲ್ಕಾರು ಸೀಟು ಹಿಡಿದರು. ಎರಡರವರು ನಡುವೆ ಕಂಬ ಹಿಡಿದರು. ಕಟ್ಟಕಡೆಗೆ ಯಜಮಾನರು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬಸ್ಸು ಎರಡು ನಿಮಿಷ ಓಡಿ, ಹತ್ತು ನಿಮಿಷ ನಿಂತು, ಕೊನೆಗೆ ವಿಮಾನದ ಬುಡದಲ್ಲಿ ಬಾಗಿಲು ತೆರೆಯಿತು. ಮೊದಲು ಇಳಿದವರು ಯಾರೆಂದು ಹೇಳಬೇಕಾಗಿಲ್ಲ. ಹಿಂದಿನ ಏಣಿಯಲ್ಲಿ ಹತ್ತಬೇಕಾದ 27ನೇ ಸಾಲಿನ ಅವರು ಮುಂದಿನ ಏಣಿ ಹತ್ತಿದರು. ಎದುರಿಗೆ ಸಿಕ್ಕಿದ ಮೊದಲ ಖಾಲಿ ಗೂಡಿಗೆ ಬ್ಯಾಗ್ ಏರಿಸಿ ಹಿಂದಕ್ಕೆ ನಡೆದರು.

ಬಸ್ಸಿನ ಒಳತುದಿಯಿಂದ ಕಟ್ಟಕಡೆಗೆ ಬಿಡಿಸಿಕೊಂಡು ಬಂದ ಎರಡನೇ ಸಾಲಿನ ಟೈ ಕಟ್ಟಿದವರು ಗೂಡು ತೆರೆದರೆ ಕೋಡುಬಳೆಯ ಘಮ.

"ಇದು ಯಾರದ್ರೀ ಬ್ಯಾಗು?"

"ನಮ್ದೇ ಕಣಪ್ಪ," ಹಿಂದಿನಿಂದ ದನಿ ಬಂತು. "ಎಣ್ಣೆ ಸೋರ್ತದೆ, ಓರೆ ಮಾಡ್‌ಬ್ಯಾಡಿ."